ಹೊರೆಯಿಲ್ಲದ ಪರೀಕ್ಷೆ

ಅಮೆರಿಕದಿಂದ ಮರಳಿ ಬಂದ ಮೇಲೆ ಹಳೆಯ ವಿದ್ಯಾರ್ಥಿಗಳು ಹಲವರು, "ಪ್ರವಾಸದ ಅನುಭವವನ್ನು ಬರೆಯಿರಿ ಸಾರ್" ಎಂದು ಕೇಳುತ್ತಿದ್ದಾರೆ. ರಷ್‌ಮೋರ್ ಬೆಟ್ಟದಲ್ಲಿ ಕೆತ್ತಿರುವ ನಾಲ್ವರು ಅಧ್ಯಕ್ಷರ ಮುಖಗಳನ್ನು ಕಂಡೆ, ಕಾಡೆಮ್ಮೆಗಳ ಹಿಂಡನ್ನೂ ಕಂಡೆ. ಆದರೆ ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆದವರು ಬೇಕಾದಷ್ಟಿದ್ದಾರೆ. ನಾನು ಇಂದು ಬರೆಯಹೊರಟಿರುವುದು ಒಂದು ಜಾಕ್‌ನ ವಿಷಯ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಬೋಧಿಸಿದ ನನಗೆ ಆ ಜಾಕ್ ಒಂದು ಪಾಠ ಹೇಳಿತು. ಆ ಪಾಠದ ಋಣ ನಿಮ್ಮಲ್ಲೊಬ್ಬರಿಗೆ ಸಲ್ಲಬೇಕಾಗಿದೆ.

ನನ್ನ ಮಗಳು ಮತ್ತು ಅಳಿಯ ಇರುವುದು ಮಿನೆಸೋಟ ರಾಜ್ಯದಲ್ಲಿ. ಅವರು ಎರಡು ವರ್ಷದ ಹಿಂದೆ ಒಂದು ಟ್ರಾವೆಲ್ ಟ್ರೈಲರ್ ಕೊಂಡರು, ಹಳೆಯದು. ಟ್ರೈಲರ್ ಎಂದರೆ ಪಿಕಪ್ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಮಂಚ, ಒಲೆ, ಶೌಚಾಲಯ, ರೆಫ್ರಿಜರೇಟರ್ ಎಲ್ಲವೂ ಅದರೊಳಗಿರುತ್ತವೆ. ಕಳೆದ ಜೂನ್‌ನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅವರು ದಕ್ಷಿಣ ಡಕೋಟದ ಬ್ಲ್ಯಾಕ್ ಹಿಲ್ಸ್‌ಗೆ ಹೊರಟರು. ಸುಮಾರು 600 ಮೈಲಿ ದಾರಿ. ಎರಡನೆಯ ದಿನ ಸಂಜೆ ಕಸ್ಟರ್ ಎಂಬ ಊರಿನ ಹತ್ತಿರ, ಪೈನ್ ಮರಗಳ ನಡುವೆ, ನಮಗೆ ಗೊತ್ತುಮಾಡಿದ್ದ ಜಾಗ ತಲುಪಿದೆವು. ಜಾಗ ರಮ್ಯವಾಗಿತ್ತು, ಆದರೆ ಬಲಕ್ಕೆ ಇಳಿಜಾರಾಗಿತ್ತು.

ಇಂಥ ಮನೆಯನ್ನು ನಿಲ್ಲಿಸಿದ ಮೇಲೆ ರಸಮಟ್ಟ ಇಟ್ಟು ಸಮತಟ್ಟು ಮಾಡಬೇಕು. ಮಲಗಲು ಹಿತವಾಗಿರಲಿ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಅದರೊಳಗಿನ ರೆಫ್ರಿಜರೇಟರ್ ನಮ್ಮ ಮನೆಯದರಂತೆ ಕಂಪ್ರೆಸರ್ ಉಳ್ಳದ್ದಲ್ಲ. ಅದು ಶಾಖದಿಂದಲೇ ತಂಪು ಮಾಡುವ ಯಂತ್ರ. ಸ್ವೀಡನ್ನಿನ ವಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಕಂಡುಹಿಡಿದ ವಿಧಾನ ಅದು. ಅಮೋನಿಯ ಮತ್ತು ನೀರು ಕೊಳವೆಗಳಲ್ಲಿ ತಮ್ಮ ತೂಕದಿಂದಲೇ ಇಳಿದು ಹರಿಯಬೇಕು. ಯಂತ್ರ ಹೆಚ್ಚು ವಾಲಿದರೆ ಹರಿವು ನಿಲ್ಲುತ್ತದೆ, ಕೊಳವೆ ಅತಿಯಾಗಿ ಕಾಯುತ್ತದೆ, ಕ್ರಮೇಣ ಯಂತ್ರವೇ ಕೆಡುತ್ತದೆ. ಅಂದು ಆ ರೆಫ್ರಿಜರೇಟರಿನಲ್ಲಿ ಹಾಲು ತರಕಾರಿಗಳ ಜೊತೆಗೆ ನನ್ನ ಹೆಂಡತಿಯ ತಿಂಗಳ ಇನ್ಸುಲಿನ್ ಕೂಡ ಇತ್ತು.

ಟ್ರೈಲರಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ವಿದ್ಯುತ್ ಜಾಕ್‌ಗಳು. 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಮೋಟಾರು ಪ್ರತಿಯೊಂದಕ್ಕೂ ಇದೆ. ಅಳಿಯ ಹಿಚ್ ಕಳಚಿ ಸ್ವಿಚ್ ಒತ್ತಿದರು. ಎಡಗಡೆಯ ಎರಡೂ ಜಾಕ್‌ಗಳು ಸಲೀಸಾಗಿ ಇಳಿದು ನೆಲ ಮುಟ್ಟಿದವು. ಬಲಗಡೆಯವೂ ಇಳಿದವು, ಆದರೆ ನೆಲ ಮುಟ್ಟಿ ಭಾರ ಎತ್ತಬೇಕಾದಾಗ ಗೊರಗೊರ ಎಂದು ನಿಂತುಬಿಟ್ಟವು.

ಅಳಿಯ, "ಮೋಟಾರ್ ಹೋಗಿದೆ ಮಾವ" ಎಂದರು. ನಾನು ಭೌತಶಾಸ್ತ್ರದ ಮೇಷ್ಟ್ರಲ್ಲವೆ, ಸುಮ್ಮನಿರಲಾದೀತೆ? ಮೀಟರ್ ತೆಗೆಸಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್ ಇತ್ತು. ಸೀಸದ ಬ್ಯಾಟರಿ ಪೂರ್ತಿ ತುಂಬಿದೆ ಎಂಬುದಕ್ಕೆ ಅದೇ ಗುರುತು. ಮೋಟಾರಿನ ಪ್ಲಗ್ ಕಳಚಿ, ವೈರಿನ ತುದಿಯಲ್ಲಿ ಅಳೆದೆ. ಅಲ್ಲಿಯೂ 12.6. ವಿದ್ಯುತ್ ಪೂರ್ತಿಯಾಗಿ ಬರುತ್ತಿದೆ, ಮೋಟಾರು ತಿರುಗುತ್ತಿಲ್ಲ, ಆದ್ದರಿಂದ ಮೋಟಾರು ಕೆಟ್ಟಿದೆ. ಹೀಗೆಂದು ನಾನೂ ಗಂಭೀರವಾಗಿ ತೀರ್ಪು ಕೊಟ್ಟೆ. ಒಂದೇ ಸಂಜೆ, ಒಂದೇ ಬದಿಯ ಎರಡು ಮೋಟಾರುಗಳು ಒಟ್ಟಿಗೆ ಕೆಡುವುದು ಎಷ್ಟು ಅಪರೂಪ ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಅಳಿಯ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದರು. ಮೋಟಾರು, ಕೂಲಿ ಎಲ್ಲ ಸೇರಿ ಸಾವಿರ ಡಾಲರಿಗೂ ಮೇಲೆ ಹೇಳಿದರು, ಅದೂ ಒಂದು ವಾರ ಬಿಟ್ಟು. ರೆಫ್ರಿಜರೇಟರ್ ಆರಿಸಿದೆವು. ಮಗಳು ಇನ್ಸುಲಿನ್‌ನ್ನು ಮಂಜುಗಡ್ಡೆ ನೇರವಾಗಿ ತಾಗಿ ಹೆಪ್ಪುಗಟ್ಟದಂತೆ ಬಟ್ಟೆ ಸುತ್ತಿ ಐಸ್ ಪೆಟ್ಟಿಗೆಯಲ್ಲಿಟ್ಟಳು.

ಆಗ ನನಗೆ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬ ನೆನಪಾದ. ಹತ್ತನೆಯ ತರಗತಿಯಲ್ಲಿ ನನ್ನ ಶಿಷ್ಯನಾಗಿದ್ದವನು. ಬಸ್ ನಿಲ್ದಾಣದ ಹಿಂದೆ ಅವನದು ಚಿಕ್ಕ ಅಂಗಡಿ, ಲಾರಿ ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ. ಅಲ್ಲಿ ರಾತ್ರಿ ಎಂಟಾದರೆ ನಮ್ಮೂರಲ್ಲಿ ಮರುದಿನ ಬೆಳಗಿನ ಏಳೂವರೆ. ಫೋನ್ ಎತ್ತಿದವನು ವಿಷಯವನ್ನೆಲ್ಲ ಕೇಳಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಸಾರ್, ಮೊದಲು ಅರ್ಥ್ ನೋಡಿ. ಎರಡಕ್ಕೂ ಒಂದೇ ಅರ್ಥ್ ಇರುತ್ತೆ."

"ಆದರೆ ವೋಲ್ಟೇಜ್ ಪೂರ್ತಿ ಇದೆಯಲ್ಲಪ್ಪ?"

"ಪ್ಲಗ್ ಕಿತ್ತು ಅಳೆದರೆ ಇದ್ದೇ ಇರುತ್ತೆ ಸಾರ್. ಲೋಡ್ ಇರಲಿ, ಸ್ವಿಚ್ ಒತ್ತಿಕೊಂಡೇ ಮೀಟರ್ ಹಿಡೀರಿ. ಅರ್ಥ್ ಬೋಲ್ಟ್ ಮುಟ್ಟಿ ನೋಡಿ, ಬಿಸಿ ಇರುತ್ತೆ. ನಂಬಿಕೆ ಬರದಿದ್ದರೆ ಬ್ಯಾಟರಿ ಮೈನಸ್‌ನಿಂದ ಮೋಟಾರಿನ ಅರ್ಥ್ ವೈರಿಗೆ ನೇರವಾಗಿ ಜಂಪರ್ ಕೇಬಲ್ ಕೊಡಿ. ಜಾಕ್ ಎದ್ದರೆ ಮೋಟಾರ್ ಚೆನ್ನಾಗಿದೆ ಅಂತ."

ಮರುದಿನ ಬೆಳಿಗ್ಗೆ ಗಾಲಿಗಳಿಗೆಲ್ಲ ಒಟ್ಟು ಕೊಟ್ಟಿರುವುದನ್ನು ಮತ್ತೊಮ್ಮೆ ನೋಡಿಕೊಂಡು, ಯಾರೂ ಟ್ರೈಲರಿನ ಅಡಿಗೆ ಹೋಗದೆ, ಹೊರಗಿನಿಂದಲೇ ಪರೀಕ್ಷೆ ಆರಂಭಿಸಿದೆವು. ಮೋಟಾರಿಗೆ ಪ್ಲಗ್ ಸೇರಿಸಿ ಅಳಿಯ ಸ್ವಿಚ್ ಒತ್ತಿದರು. ಬ್ಯಾಟರಿಯಲ್ಲಿ 12.2 ವೋಲ್ಟ್. ಮೋಟಾರಿನ ಬಳಿ ಕೇವಲ 8. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಮೋಟಾರಿನ ಅರ್ಥ್ ವೈರಿಗೂ ಇಟ್ಟಾಗ ಹೆಚ್ಚುಕಡಿಮೆ ಸೊನ್ನೆ ಬರಬೇಕಾಗಿದ್ದಲ್ಲಿ 4 ವೋಲ್ಟ್ ಬಂತು. ಕಳ್ಳ ಸಿಕ್ಕಿದ್ದ. ಜಂಪರ್ ಕೇಬಲ್ ಕೊಟ್ಟೊಡನೆ, ಕೆಟ್ಟಿದೆಯೆಂದು ನಾನು ತೀರ್ಪು ಕೊಟ್ಟಿದ್ದ ಅದೇ ಮೋಟಾರು ಟ್ರೈಲರಿನ ಬಲಬದಿಯನ್ನು ಎತ್ತತೊಡಗಿತು.

ಲೆಕ್ಕ ಹತ್ತನೆಯ ತರಗತಿಯದೇ. ಭಾರ ಎತ್ತುವ ಮೋಟಾರು 20 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ತುಕ್ಕು ಹಿಡಿದ ಬೋಲ್ಟಿನಲ್ಲಿ 0.2 ಓಮ್‌ನಷ್ಟು ಅಲ್ಪ ರೋಧವಿದ್ದರೂ 20 ಗುಣಿಸು 0.2, ಅಂದರೆ 4 ವೋಲ್ಟ್ ಅಲ್ಲಿಯೇ ನಷ್ಟ. 80 ವ್ಯಾಟ್ ಶಕ್ತಿ ಆ ಬೋಲ್ಟನ್ನು ಕಾಯಿಸುವುದಕ್ಕೇ ವ್ಯಯ. ಆದರೆ ಪ್ಲಗ್ ಕಳಚಿ ಅಳೆದಾಗ ಹರಿಯುವ ಪ್ರವಾಹ ಇಲ್ಲವೆಂಬಷ್ಟು ಕಡಿಮೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೆ? ನಷ್ಟ ಕಾಣುವುದಿಲ್ಲ. ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಅದನ್ನು ಹೊರೆಯಿಲ್ಲದ ಹೊತ್ತಿನಲ್ಲಿ ಪ್ರಶ್ನಿಸಿದ್ದೆ.

ಮಿನೆಸೋಟದಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ವಾಹನಗಳ ಅಡಿಗೆ ಸಿಡಿದು ಕಬ್ಬಿಣವನ್ನು ತಿನ್ನುತ್ತದೆ. ಬಲಗಡೆಯ ಎರಡು ಜಾಕ್‌ಗಳ ಅರ್ಥ್ ವೈರುಗಳನ್ನು ಚಾಸಿಯ ಒಂದೇ ಬೋಲ್ಟಿಗೆ ಬಿಗಿದಿದ್ದರು. ಬ್ಯಾಟರಿಯ ಸಂಪರ್ಕ ತೆಗೆದು, ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು ಗ್ರೀಸ್ ಹಚ್ಚಿದೆವು. ಮುಕ್ಕಾಲು ಗಂಟೆಯ ಕೆಲಸ. ಮಧ್ಯಾಹ್ನದ ಹೊತ್ತಿಗೆ ಇನ್ಸುಲಿನ್ ತನ್ನ ಸ್ಥಾನಕ್ಕೆ ಮರಳಿತು.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ದೋಷವನ್ನು ಪತ್ತೆಮಾಡದೆ ಭಾಗವನ್ನು ಬದಲಾಯಿಸುವುದು ರಿಪೇರಿಯಲ್ಲ, ಅದು ದುಡ್ಡು ಕೊಟ್ಟು ಆಡುವ ಜೂಜು. ಅಳಿಯ ಇದನ್ನು ಪೂರ್ತಿ ಒಪ್ಪಲಿಲ್ಲ. "ಅಲ್ಲಿ ಸಮಯಕ್ಕೆ ಬೆಲೆ ಹೆಚ್ಚು ಮಾವ, ಹುಡುಕುತ್ತ ಕೂರುವುದಕ್ಕಿಂತ ಹೊಸದು ಹಾಕುವುದೇ ಅಗ್ಗ" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ತೆಗೆದು ಹಾಕಿದ ಭಾಗವೇ ಕೆಟ್ಟಿದ್ದಾಗ ಮಾತ್ರ ಆ ಲೆಕ್ಕ ಸರಿ. ನಮ್ಮ ಪ್ರಸಂಗದಲ್ಲಿ ಸಾವಿರ ಡಾಲರಿನ ಹೊಸ ಮೋಟಾರುಗಳೂ ಅದೇ ತುಕ್ಕಿನ ಬೋಲ್ಟಿನ ಮುಂದೆ ಹಾಗೆಯೇ ಗೊರಗುಟ್ಟುತ್ತಿದ್ದವು.

ಇಂಥ ವಾಹನವುಳ್ಳ ನನ್ನ ವಿದ್ಯಾರ್ಥಿಗಳು ಅಮೆರಿಕದಲ್ಲಿಯೂ ಕೆನಡದಲ್ಲಿಯೂ ಇದ್ದೀರಿ. ನಿಮಗಾಗಿ ನಾಲ್ಕು ಮಾತು. ಹಿಚ್ ಕಳಚುವ ಮೊದಲೇ ಗಾಲಿಗೆ ಒಟ್ಟು ಕೊಡಿ. ಜಾಕ್ ಮೇಲೆ ನಿಂತ ಟ್ರೈಲರಿನ ಅಡಿಗೆ ಎಂದೂ ನುಸುಳಬೇಡಿ. ಅಲುಗಾಡದಂತೆ ಹಿಡಿಯುವ ಸ್ಟೆಬಿಲೈಸರ್ ಜಾಕ್ ಬೇರೆ, ಭಾರ ಎತ್ತುವ ಜಾಕ್ ಬೇರೆ. ಮೊದಲನೆಯದರಿಂದ ಎರಡನೆಯದರ ಕೆಲಸ ಮಾಡಿಸಿದರೆ ಅದು ಬಾಗುತ್ತದೆ. ಅನೇಕ ವಿದ್ಯುತ್ ಜಾಕ್‌ಗಳಲ್ಲಿ ಕೈಯಿಂದ ತಿರುಗಿಸಲು ಒಂದು ನಟ್ ಇರುತ್ತದೆ, ಅದು ಎಲ್ಲಿದೆಯೆಂದು ಹಗಲಿನಲ್ಲಿಯೇ ನೋಡಿಟ್ಟುಕೊಳ್ಳಿ. ಒಂದೆರಡು ಹಲಗೆಗಳೂ ಜೊತೆಗಿರಲಿ. ಹಿಚ್ ಕಳಚುವ ಮುನ್ನ ಬಲಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಿದ್ದರೆ ನಮಗೆ ಆ ರಾತ್ರಿಯ ಚಿಂತೆಯೇ ಇರುತ್ತಿರಲಿಲ್ಲ.

ಆದರೆ ಈ ಬರಹಕ್ಕೆ ನಿಜವಾದ ಕಾರಣ ಬೇರೆ. 1996ರಲ್ಲಿ ಓಮನ ನಿಯಮದ ಪ್ರಯೋಗ ಮಾಡಿಸಿದ್ದೆ. ತರಗತಿಯ ಬಹುತೇಕ ಮಕ್ಕಳ ಪುಸ್ತಕದಲ್ಲಿ ಅಂಕಿಗಳು ಅಚ್ಚುಕಟ್ಟಾಗಿ ಸರಳರೇಖೆಯಲ್ಲಿ ಬಂದಿದ್ದವು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದು ನನಗೆ ತಿಳಿಯದ ಸಂಗತಿಯೇನಲ್ಲ. ಒಬ್ಬ ಹುಡುಗನ ಅಂಕಿಗಳು ಮಾತ್ರ ಅಡ್ಡಾದಿಡ್ಡಿ. ಕೆಳಗೆ ಅವನು, "ಸ್ಕ್ರೂ ತುಕ್ಕು ಹಿಡಿದಿದೆ, ಅಲ್ಲಾಡಿಸಿದರೆ ರೀಡಿಂಗ್ ಬದಲಾಗುತ್ತದೆ" ಎಂದು ಬರೆದಿದ್ದ. ನಾನು ಅದರ ಮೇಲೆ ಕೆಂಪು ಗೀಟು ಎಳೆದು, ಸರಿಯಾದ ಅಂಕಿಗಳನ್ನು ಬರೆದು ತರುವಂತೆ ಹೇಳಿದೆ. ನಕಲು ಮಾಡಿದವರಿಗೆ ಪೂರ್ಣ ಅಂಕ ಸಿಕ್ಕಿತು. ಕಸ್ಟರ್‌ನಲ್ಲಿ ಆ ಬೋಲ್ಟ್ ಉಜ್ಜುತ್ತಿರುವಾಗ ನನಗೆ ಆ ಪುಟ ಕಣ್ಣಮುಂದೆ ಬಂತು. ಆ ಹುಡುಗನೇ ಹಿಂದಿನ ರಾತ್ರಿ ನನಗೆ "ಮೊದಲು ಅರ್ಥ್ ನೋಡಿ" ಎಂದವನು.

ಓಮ್ ಸ್ವತಃ ಜರ್ಮನಿಯ ಕಲೋನ್ ನಗರದ ಪ್ರೌಢಶಾಲೆಯಲ್ಲಿ ನಮ್ಮಂತೆ ಮೇಷ್ಟ್ರಾಗಿದ್ದವನು. 1825ರಲ್ಲಿ ಅವನು ಮೊದಲು ಪ್ರಕಟಿಸಿದ ಸೂತ್ರ ಸರಿಯಾಗಿರಲಿಲ್ಲ. ಅವನು ಬಳಸಿದ ವಿದ್ಯುತ್ಕೋಶದ ವೋಲ್ಟೇಜ್ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅದನ್ನು ಬಿಟ್ಟು ತಾಪವಿದ್ಯುತ್ ಜೋಡಿಯನ್ನು ಬಳಸಿ ಮತ್ತೆ ಅಳೆದ ಮೇಲೆಯೇ ಅವನಿಗೆ ನಿಯಮ ದಕ್ಕಿತು. ಆ ನಿಯಮವನ್ನು ವಿವರಿಸಿದ ಅವನ ಗ್ರಂಥ ಬಂದದ್ದು 1827ರಲ್ಲಿ. ಯಾರಾದರೂ ಮೇಷ್ಟ್ರು ಅವನ ಮೊದಲ ಅಂಕಿಗಳಿಗೆ ಕೆಂಪು ಗೀಟು ಎಳೆದು, ಪಕ್ಕದವನದನ್ನು ನೋಡಿ ಬರೆ ಎಂದಿದ್ದರೆ ಏನಾಗುತ್ತಿತ್ತು?

ನಮ್ಮ ಶಾಲೆಗಳಲ್ಲಿ ಸರಿಯಾದ ಅಂಕಿಗೆ ಅಂಕ ಕೊಡುತ್ತೇವೆ, ತಪ್ಪು ಅಂಕಿಯ ಕಾರಣ ಹುಡುಕಿದವನಿಗೆ ಕೊಡುವುದಿಲ್ಲ. ಹೀಗೆ ಬೆಳೆದ ಮಕ್ಕಳು ಮುಂದೆ ಭಾಗ ಬದಲಾಯಿಸುವವರಾಗುತ್ತಾರೆ, ದೋಷ ಹುಡುಕುವವರಾಗುವುದಿಲ್ಲ. ಈಗ ಮೇಷ್ಟ್ರುಗಳಾಗಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಸ್ಕ್ರೂವನ್ನು ಬೇಕೆಂದೇ ಸಡಿಲ ಮಾಡಿಡಿ. ಹುಡುಕಿದವರಿಗೆ ಪೂರ್ಣ ಅಂಕ ಕೊಡಿ.

ಊರಿಗೆ ಬಂದವನೇ ಅವನ ಅಂಗಡಿಗೆ ಹೋದೆ. ಆ ಪುಟದ ವಿಷಯ ಎತ್ತಿ, ನನ್ನದು ತಪ್ಪಾಯಿತಪ್ಪ ಎಂದೆ. ಅವನಿಗೆ ಅದು ನೆನಪೇ ಇರಲಿಲ್ಲ, ಅಥವಾ ನೆನಪಿಲ್ಲವೆಂದು ಹೇಳಿದ. "ಬಿಡಿ ಸಾರ್, ಕಾಫಿ ಕುಡೀರಿ" ಎಂದು ಸ್ಟೂಲ್ ಒರೆಸಿ ಕೊಟ್ಟ. ಅಂದು ಕೊಡದೆ ಉಳಿಸಿಕೊಂಡ ಆ ಅಂಕಗಳನ್ನು ಇಂದು, ನಿಮ್ಮೆಲ್ಲರ ಸಮಕ್ಷಮದಲ್ಲಿ, ಅವನಿಗೆ ಕೊಡುತ್ತಿದ್ದೇನೆ.