“ಹಾಕಿಕೊಡ್ತೀನಿ, ಕೊಡಿಲ್ಲಿ”

“ಶುರು ನಾನು ಹಾಕಿಕೊಡ್ತೀನಿ, ನೀನು ಹೆಣ್ಕೊಂಡು ಹೋಗು.”

ಈ ಮಾತು ಕೇಳದೆ ಉಲ್ಲನ್ ಕಡ್ಡಿ ಹಿಡಿದ ಹೆಣ್ಣು ನಮ್ಮಲ್ಲಿ ಯಾರಿದ್ದಾಳೆ ಹೇಳಿ? ಎಷ್ಟು ಅಕ್ಕರೆಯ ಮಾತು! ನನಗಂತೂ ಅದನ್ನು ಕೇಳಿದರೆ ಮೈ ಉರಿಯುತ್ತದೆ.

ಶಾಲೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಟೀಚರು ಅಷ್ಟೂ ಹುಡುಗಿಯರ ಕಡ್ಡಿಗೆ ತಾವೇ ಕುಣಿಕೆ ಏರಿಸಿ ಕೊಡುತ್ತಿದ್ದರು. ಹೇಳಿಕೊಡುವುದಕ್ಕಿಂತ ಹಾಕಿಕೊಡುವುದು ಸಲೀಸು ನೋಡಿ. ಅಮ್ಮನೂ ಅಷ್ಟೆ. 1962ರ ಚೀನಾ ಯುದ್ಧದ ಕಾಲದಲ್ಲಿ ದೇಶದ ತುಂಬ ಹೆಂಗಸರು ಜವಾನರಿಗೆ ಸ್ವೆಟರ್ ಹೆಣೆದರಲ್ಲ, ಆಗ ಪಳಗಿದ ಕೈ ಅವಳದು. ನಾನು ಎರಡು ಸಲ ತಪ್ಪಿದರೆ ಸಾಕು, “ಕೊಡಿಲ್ಲಿ” ಎಂದು ಕಿತ್ತುಕೊಳ್ಳುವಳು. ಹೀಗಾಗಿ ಮದುವೆಯಾಗಿ ಕೆಂಗೇರಿ ಉಪನಗರಕ್ಕೆ ಬಂದಾಗ ನನಗೆ ಉಲ್ಟಾ, ಸೀದಾ, ಜಡೆ ಎಲ್ಲ ಬರುತ್ತಿತ್ತು. ಶುರು ಮಾಡಲು ಮಾತ್ರ ಬರುತ್ತಿರಲಿಲ್ಲ. ನಗಬೇಡಿ, ನಿಮ್ಮಲ್ಲೂ ಇಂಥವರು ಇದ್ದೀರಿ.

ಚೊಚ್ಚಲ ಮಗುವಿಗೆ ಕುಲಾವಿ ಹೆಣೆಯಬೇಕು. ಅಮ್ಮ ದೂರ. ಪತ್ರಿಕೆಯ ಮಹಿಳಾ ಪುಟ ತೆರೆದರೆ ಮೊದಲ ಸಾಲೇ “72 ಕುಣಿಕೆ ಹಾಕಿಕೊಳ್ಳಿ”. ಹೇಗೆ ತಾಯಿ? ಸಾರು ಮಾಡುವ ವಿಧಾನದಲ್ಲಿ ಬೇಳೆ ತೊಳೆಯಲೂ ಹೇಳುವವರು ಇಲ್ಲಿ ಬಾಯಿ ಹೊಲಿದುಕೊಂಡಿದ್ದರು. ನಾನೇ ಹೇಗೋ ಬಿಗಿದೆ. ಕುಲಾವಿ ಚೆಂದವಾಗೇ ಬಂತು, ಅಂಚು ಮಾತ್ರ ಹಿಗ್ಗಲೊಲ್ಲದು. ತೆಗೆದಾಗ ಮಗುವಿನ ಹಣೆಯ ಮೇಲೆ ಕೆಂಪು ಗೆರೆ. ಆವತ್ತು ಅತ್ತದ್ದು ಮಗುವಲ್ಲ, ನಾನು.

ಕಲಿಸಿದವರು ಪಕ್ಕದ ಮನೆಯ ಅಜ್ಜಿ. “ನಾ ಕೈ ಮುಟ್ಟಲ್ಲ, ಬಾಯಲ್ಲಿ ಹೇಳ್ತೀನಿ” ಎಂದು ಸೆರಗಿನೊಳಗೆ ಕೈ ಹುದುಗಿಸಿ ಕೂತರು. ದಾರವನ್ನು ಕಡ್ಡಿಗೆ ಹತ್ತು ಸುತ್ತು ಸುತ್ತಿ ಬಿಚ್ಚು, ಅದು ಹತ್ತು ಕುಣಿಕೆಯ ಅಳತೆ. ಬೇಕಾದಷ್ಟು ಪಟ್ಟು ಬಿಟ್ಟು, ಮೇಲೊಂದು ಗೇಣು ಸೇರಿಸಿ, ಅಲ್ಲಿ ಜಾರುಗಂಟು ಹಾಕು. ಬಾಲದ ಎಳೆ ಹೆಬ್ಬೆರಳಿಗೆ, ಉಂಡೆಯ ಎಳೆ ತೋರುಬೆರಳಿಗೆ. ಹೆಬ್ಬೆರಳ ಕುಣಿಕೆಯೊಳಗಿಂದ ಕಡ್ಡಿ ತೂರಿಸಿ ತೋರುಬೆರಳ ಎಳೆಯನ್ನು ಹೆಕ್ಕಿ ತಾ, ಹೆಬ್ಬೆರಳು ಬಿಡಿಸು, ಮೆಲ್ಲಗೆ ಎಳೆ. ಕೈ ಬಿಗಿಯೇ? ಎರಡು ಕಡ್ಡಿ ಜೋಡಿಸಿ ಅದರ ಮೇಲೆ ಏರಿಸು, ಆಮೇಲೆ ಒಂದನ್ನು ಎಳೆದುಬಿಡು. ಇಷ್ಟೇ! ಒಂದು ಮಧ್ಯಾಹ್ನದ ವಿದ್ಯೆ. ಇದನ್ನು ಹದಿನೈದು ವರ್ಷ ನನ್ನಿಂದ ಯಾಕೆ ಮುಚ್ಚಿಟ್ಟರು?

ಪ್ರೀತಿಯಿಂದ ಎನ್ನುತ್ತೀರಿ. ಬ್ಯಾಂಕಿನ ಚಲನ್ ತುಂಬಲು ಹೊರಟಾಗ “ಕೊಡಿಲ್ಲಿ” ಎನ್ನುವ ಗಂಡನದೂ ಪ್ರೀತಿಯೇ. ಅವನು ಇಲ್ಲವಾದ ದಿನ ಕೌಂಟರಿನ ಮುಂದೆ ತಬ್ಬಿಬ್ಬಾಗಿ ನಿಂತ ಹೆಂಗಸರನ್ನು ನಾನು ಕಂಡಿದ್ದೇನೆ. ಈಗ ಮೊಬೈಲಿನಲ್ಲೇ ಎಲ್ಲ ತೋರಿಸುತ್ತಾರಲ್ಲ ಎನ್ನಬೇಡಿ. ಎದುರಿಗೆ ಕೂತ ಅಮ್ಮ ಕಡ್ಡಿ ಕಿತ್ತುಕೊಂಡರೆ ಮೊಬೈಲು ಏನು ಮಾಡೀತು?

2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂದ ಮೇಲೆ ಮೊಮ್ಮಗಳು ರಜೆಗೆ ಅದರಲ್ಲೇ ಬರುತ್ತಾಳೆ. ಮೊನ್ನೆ ಜಗಲಿಯಲ್ಲಿ ಕೂತು ಕುಣಿಕೆ ಏರಿಸುತ್ತಿದ್ದಳು. ಹನ್ನೊಂದನೆಯದು ಜಾರಿತು. ಮತ್ತೆ ಏರಿಸಿದಳು, ಮತ್ತೆ ಜಾರಿತು. “ಅಜ್ಜೀ, ನೀನೇ ಹಾಕಿಕೊಡು” ಎಂದಳು. ನನ್ನ ಕೈ ಆಗಲೇ ಅರ್ಧ ಮುಂದೆ ಹೋಗಿತ್ತು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ.