ಕಾರು ಮಗುಚಿ, ತಳ ಓದಿ

ಹಾಟ್ ವೀಲ್ಸಾ, ಟೊಮಿಕಾನಾ? ಹಾಸ್ಟೆಲಿನಲ್ಲಿ ಈ ಜಗಳ ಮುಗಿಯೋದೇ ಇಲ್ಲ. ಟ್ರ್ಯಾಕಿನ ಮೇಲೆ ಓಡಿಸೋಕಾದ್ರೆ 1968ರಲ್ಲಿ ಬಂದ ಹಾಟ್ ವೀಲ್ಸೇ ಸರಿ. ಅದರ ತೆಳು ಆಕ್ಸಲ್ಲು, ಕಡಿಮೆ ಘರ್ಷಣೆ ಎಲ್ಲ ವೇಗಕ್ಕೆಂದೇ ಮಾಡಿದ್ದು. ಆದರೂ ನಮ್ಮ ಓಟು 1970ರಲ್ಲಿ ಶುರುವಾದ ಜಪಾನಿನ ಟೊಮಿಕಾಗೆ.

ಲೆಕ್ಕ ಹಾಕಿ. 1:64 ಅಳತೆಯಲ್ಲಿ 4 ಮೀಟರಿನ ಕಾರು 6.25 ಸೆಂ.ಮೀ., 12 ಮೀಟರಿನ ಬಸ್ಸು ಸುಮಾರು 19 ಸೆಂ.ಮೀ. ಆಗ್ಬೇಕು. ಎರಡೂ ಅಂಗೈಯಷ್ಟೇ ಇದ್ರೆ ಸ್ಕೇಲ್ ಬದಲಾಗಿದೆ ಅಂತಲೇ ಅರ್ಥ. ಹಾಗೆ ಬದಲಾಯಿಸೋದು ಟೊಮಿಕಾದವರೂ ಹೌದು. ಆದರೆ ಎಷ್ಟಕ್ಕೆಷ್ಟು ಅಂತ ಸಾಮಾನ್ಯವಾಗಿ ಕಾರಿನ ತಳದಲ್ಲೇ ಅಚ್ಚು ಹಾಕಿರ್ತಾರೆ.

ಡ್ರಾಯಿಂಗ್ ಶೀಟಿನಲ್ಲಿ ಸ್ಕೇಲ್ ಬರೆಯದಿದ್ರೆ ನಮಗೆ ಅಂಕ ಕಟ್. ಆಟಿಕೆಗೂ ಅದೇ ನ್ಯಾಯ ಇರಲಿ. ಮುಂದಿನ ಸಲ ವಾದಕ್ಕಿಳಿಯೋ ಮುಂಚೆ ಎರಡೂ ಕಾರು ಮಗುಚಿ, ತಳ ಓದಿ.