ಮೊಲಕ್ಕೆ ಲಂಘನ ಔಷಧವಲ್ಲ

ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತೆಂದರೆ ನಮ್ಮ ಹಿರಿಯರು ಮೊದಲು ನೆನಪಿಸುವ ಮಾತು ‘ಲಂಘನಂ ಪರಮೌಷಧಂ’. ಒಂದು ಹೊತ್ತು ಉಪವಾಸವಿದ್ದು, ತಿಳಿಮಜ್ಜಿಗೆಯನ್ನೋ ಗಂಜಿಯನ್ನೋ ಕುಡಿದು ಮಲಗಿದರೆ ಹೊಟ್ಟೆ ತಾನಾಗಿಯೇ ಹದಕ್ಕೆ ಬರುತ್ತದೆ ಎಂಬುದು ತಲೆಮಾರುಗಳ ಅನುಭವ. ಮನುಷ್ಯರ ಮಟ್ಟಿಗೆ ಈ ಮಾತಿನಲ್ಲಿ ಹುರುಳಿರಬಹುದು. ಆದರೆ ಮಕ್ಕಳ ಒಡನಾಟಕ್ಕೆಂದು ನಾವು ಮನೆಗೆ ತರುವ ಮೊಲದ ವಿಷಯದಲ್ಲಿ ಇದೇ ನಂಬಿಕೆ ಅದರ ಪ್ರಾಣಕ್ಕೆ ಎರವಾಗಬಲ್ಲದು.

ಥಾರ್ನ್‌ಕ್ಲಿಫ್ ಪಾರ್ಕಿನಂತಹ ಬಹುಮಹಡಿ ಬಡಾವಣೆಯಲ್ಲಿ ಹಿತ್ತಿಲಿಲ್ಲ, ಕೊಟ್ಟಿಗೆಯಿಲ್ಲ. ನಾಯಿಯನ್ನು ದಿನಕ್ಕೆ ಎರಡು ಬಾರಿ ಲಿಫ್ಟಿನಲ್ಲಿ ಇಳಿಸಿ ಹಿಮದಲ್ಲಿ ನಡೆಸುವ ವ್ಯವಧಾನ ಎಲ್ಲ ಕುಟುಂಬಗಳಿಗೂ ಇರುವುದಿಲ್ಲ. ಸದ್ದಿಲ್ಲದೆ ಮೂಲೆಯಲ್ಲಿ ಹುಲ್ಲು ಮೆಲ್ಲುವ ಮೊಲ ಸುಲಭದ ಆಯ್ಕೆಯೆಂದು ತೋರುವುದು ಸಹಜ. ಆ ಸದ್ದಿಲ್ಲದ ಸ್ವಭಾವವೇ ಕಾಯಿಲೆಯ ಕಾಲದಲ್ಲಿ ಅದಕ್ಕೆ ಶತ್ರು. ಬೇಟೆಗೆ ಬಲಿಯಾಗುವ ಪ್ರಾಣಿಯಾದುದರಿಂದ ಮೊಲವು ತನ್ನ ನೋವನ್ನು ಮರೆಮಾಚುತ್ತದೆ. ನರಳುವುದಿಲ್ಲ, ಕೂಗುವುದಿಲ್ಲ, ತಿನ್ನುವುದನ್ನು ನಿಲ್ಲಿಸಿ ಮುದುಡಿ ಕುಳಿತುಬಿಡುತ್ತದೆ.

ಮೊಲದ ಕರುಳು ನಿರಂತರವಾಗಿ ಚಲಿಸುತ್ತಿರಬೇಕಾದ ಯಂತ್ರ. ತಿಂದ ನಾರು ಅದರ ದೊಡ್ಡ ಅಂಧಾಂತ್ರದಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗುಹೊಂದುತ್ತದೆ. ನೋವು, ಭಯ, ಹಲ್ಲಿನ ತೊಂದರೆ, ಶಸ್ತ್ರಚಿಕಿತ್ಸೆ ಮುಂತಾದ ಯಾವುದೇ ಕಾರಣದಿಂದ ಆಹಾರ ನಿಂತರೆ ಕರುಳಿನ ಚಲನೆಯೂ ಕುಂದುತ್ತದೆ. ನೀರಿನ ಕೊರತೆಯಾದಾಗ ದೇಹವು ಕರುಳಿನೊಳಗಿನ ತೇವವನ್ನೇ ಹೀರಿಕೊಳ್ಳುತ್ತದೆ. ಒಳಗಿನ ಆಹಾರ ಒಣಗಿ ಗಟ್ಟಿಯಾಗುತ್ತದೆ, ಅನಿಲ ತುಂಬಿ ನೋವು ಹೆಚ್ಚುತ್ತದೆ, ನೋವಿನಿಂದ ಮೊಲ ಇನ್ನಷ್ಟು ತಿನ್ನದಾಗುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಈ ವಿಷವರ್ತುಲವನ್ನು ಮುರಿಯುವ ಮುಖ್ಯ ಸಾಧನಗಳಲ್ಲಿ ನೀರು ಒಂದು. ಹಿಕ್ಕೆ ಸಣ್ಣದಾಗಿ ಒಣಗಿದ್ದರೆ ಅದು ಎಚ್ಚರಿಕೆಯ ಗಂಟೆ. ಸುಮಾರು 12 ಗಂಟೆಗಳ ಕಾಲ ಮೊಲ ಏನನ್ನೂ ತಿನ್ನದಿದ್ದರೆ, ಅಥವಾ ಹಿಕ್ಕೆಯನ್ನೇ ಹಾಕದಿದ್ದರೆ, ಅದು ತುರ್ತುಸ್ಥಿತಿ. ಬೆಳಗಾಗಲಿ ನೋಡೋಣ ಎನ್ನುವ ಹೊತ್ತಲ್ಲ.

ವೈದ್ಯರು ಚಿಕಿತ್ಸೆ ನೀಡಿ, ಅಗತ್ಯವಿದ್ದರೆ ಚರ್ಮದಡಿಗೆ ದ್ರವ ಸೇರಿಸಿ ಮನೆಗೆ ಕಳುಹಿಸಿದ ಮೇಲೆ ನಮ್ಮ ಪಾಳಿ ಆರಂಭವಾಗುತ್ತದೆ. ಮೊಲವೊಂದಕ್ಕೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸಾಮಾನ್ಯವಾಗಿ 50ರಿಂದ 150 ಮಿಲಿಲೀಟರ್ ನೀರು ಬೇಕು; ಅಂದರೆ 2 ಕಿಲೋ ತೂಗುವ ಮೊಲಕ್ಕೆ 100ರಿಂದ 300 ಮಿಲಿಲೀಟರ್. ಬೆಳಿಗ್ಗೆ ಅಳೆದು ಇಟ್ಟು, ಸಂಜೆ ಉಳಿದುದನ್ನು ಅಳೆದು ಬರೆದಿಡುವುದು ಕಷ್ಟದ ಕೆಲಸವಲ್ಲ. ಪಂಜರಕ್ಕೆ ತೂಗುಹಾಕುವ ಬಾಟಲಿಗಿಂತ ಅಗಲವಾದ, ಭಾರದ ಪಿಂಗಾಣಿ ಬಟ್ಟಲು ಮೇಲು. ತೆರೆದ ಬಟ್ಟಲಿನಿಂದ ಮೊಲಗಳು ಹೆಚ್ಚು ನೀರು ಕುಡಿಯುತ್ತವೆ ಎಂಬುದನ್ನು ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಚಳಿಗಾಲದಲ್ಲಿ ಹೀಟರಿನ ಗಾಳಿ ಮನೆಯನ್ನು ಒಣಗಿಸುವ ಈ ಊರಿನಲ್ಲಿ ಒಂದರ ಬದಲು ಎರಡು ಬಟ್ಟಲುಗಳಿದ್ದರೆ ಇನ್ನೂ ಒಳ್ಳೆಯದು.

ನೀರನ್ನು ತಿನ್ನಿಸಲೂಬಹುದು. ಇಲ್ಲಿನ ದಿನಸಿ ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ದೊರೆಯುವ ಕೊತ್ತಂಬರಿ ಸೊಪ್ಪಿನಲ್ಲಿ, ರೊಮೈನ್ ಲೆಟ್ಯೂಸಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ. ಮೊಲಕ್ಕೆ ಮೊದಲೇ ರೂಢಿಯಿರುವ ಸೊಪ್ಪನ್ನು ತೊಳೆದು, ಹನಿಗಳನ್ನು ಕೊಡವದೆ ಹಾಗೆಯೇ ಇಟ್ಟರೆ ಅದರೊಡನೆ ನೀರೂ ಒಳಸೇರುತ್ತದೆ. ಒಣಹುಲ್ಲು ಮಾತ್ರ ಸದಾ ಎಟುಕಿನಲ್ಲಿರಲಿ. ಸೊಪ್ಪು ಅದರ ಬದಲಿಯಲ್ಲ.

ತಾನಾಗಿ ಕುಡಿಯದ ಮೊಲಕ್ಕೆ ಸೂಜಿಯಿಲ್ಲದ ಸಿರಿಂಜಿನಿಂದ ನೀರುಣಿಸಬೇಕಾದೀತು. ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರೇ ಹೇಳಬೇಕು. ಕರುಳಿನಲ್ಲಿ ತಡೆಯಿದ್ದರೆ ಬಲವಂತದ ಉಣಿಕೆ ಅಪಾಯಕಾರಿ. ಮೊಲವನ್ನು ಅಂಗಾತ ಮಲಗಿಸದೆ, ಸಹಜವಾಗಿ ಕೂರಿಸಿಕೊಂಡು, ಮುಂಬಲ್ಲುಗಳ ಹಿಂದಿನ ಖಾಲಿ ಜಾಗಕ್ಕೆ ಬಾಯಿಯ ಪಕ್ಕದಿಂದ ಸಿರಿಂಜಿನ ತುದಿಯಿಟ್ಟು, ಅರ್ಧ ಅಥವಾ ಒಂದು ಮಿಲಿಲೀಟರಿನಂತೆ ನೀಡಿ, ಅದು ನುಂಗುವವರೆಗೆ ಕಾಯಬೇಕು. ಅವಸರಪಟ್ಟರೆ ನೀರು ಶ್ವಾಸಕೋಶಕ್ಕೆ ಇಳಿದೀತು.

ಇಲ್ಲಿ ನಮ್ಮ ಅಡುಗೆಮನೆಯ ವಾತ್ಸಲ್ಯಕ್ಕೂ ಒಂದು ಕಡಿವಾಣ ಬೇಕು. ಮಜ್ಜಿಗೆ, ಅನ್ನದ ಗಂಜಿ, ರಾಗಿ ಅಂಬಲಿ, ಸಕ್ಕರೆ ಬೆರೆಸಿದ ಪಾನಕ, ಹಣ್ಣಿನ ರಸ ಇವೆಲ್ಲ ನಮಗೆ ಪಥ್ಯ, ಮೊಲಕ್ಕೆ ಅಪಥ್ಯ. ಸಕ್ಕರೆಯೂ ಪಿಷ್ಟವೂ ಅದರ ಕರುಳಿನ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸುತ್ತವೆ. ಶುದ್ಧವಾದ ನೀರೂ ವೈದ್ಯರು ಸೂಚಿಸಿದ ಚೇತರಿಕೆಯ ಆಹಾರವೂ ಸಾಕು.

ಇಷ್ಟೆಲ್ಲವನ್ನೂ ಹತ್ತು ವರ್ಷದ ಮಗುವಿನ ಹೆಗಲಿಗೆ ಹೊರಿಸುವುದು ಸರಿಯಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. “ನೀನೇ ಕೇಳಿ ತರಿಸಿಕೊಂಡೆ, ನೀನೇ ನೋಡಿಕೊ” ಎಂಬ ಮಾತು ಜವಾಬ್ದಾರಿಯನ್ನು ಕಲಿಸುವಂತೆ ತೋರುತ್ತದೆ. ಆದರೆ ಮೊಲ ಸತ್ತರೆ ಆ ಮಗುವಿಗೆ ಉಳಿಯುವುದು ಪಾಠವಲ್ಲ, ಅಪರಾಧಭಾವ. ಒಂಟಾರಿಯೊದಲ್ಲಿ 2020ರ ಜನವರಿ 1ರಿಂದ ಜಾರಿಯಲ್ಲಿರುವ ಪ್ರಾಣಿ ಕಲ್ಯಾಣ ಕಾಯ್ದೆಯೂ ಸಾಕುಪ್ರಾಣಿಗೆ ಸಾಕಷ್ಟು ನೀರು, ಆಹಾರ, ವೈದ್ಯಕೀಯ ಆರೈಕೆ ದೊರೆಯಬೇಕೆಂದು ವಿಧಿಸುತ್ತದೆ. ಅಳತೆಯ ಪುಸ್ತಕದಲ್ಲಿ ಅಂಕಿ ಬರೆಯುವ ಕೆಲಸ ಮಗುವಿನದಾಗಲಿ. ಸಿರಿಂಜೂ ನಿರ್ಧಾರವೂ ಹಿರಿಯರ ಕೈಯಲ್ಲಿರಲಿ. ಎಲ್ಲ ಪಶುವೈದ್ಯರೂ ಮೊಲಗಳಿಗೆ ಚಿಕಿತ್ಸೆ ನೀಡುವುದಿಲ್ಲವಾದ್ದರಿಂದ, ಮೊಲವನ್ನು ತರುವ ಮೊದಲೇ ಅಂತಹ ವೈದ್ಯರು ಎಲ್ಲಿದ್ದಾರೆ, ರಾತ್ರಿ ಯಾರು ನೋಡುತ್ತಾರೆ, ಶುಲ್ಕವೆಷ್ಟು ಎಂಬುದನ್ನು ವಿಚಾರಿಸಿಕೊಳ್ಳುವುದು ವಿವೇಕ. ಇದಕ್ಕೆ ಅನುಕೂಲವಿಲ್ಲದಿದ್ದರೆ ಮೊಲವನ್ನು ತಾರದಿರುವುದೂ ಒಂದು ಬಗೆಯ ದಯೆಯೇ.

ದಾರಿಹೋಕರಿಗೆ ಅರವಟ್ಟಿಗೆಯನ್ನೂ ದನಕರುಗಳಿಗೆ ಗೋಕಟ್ಟೆಯನ್ನೂ ಕಟ್ಟಿಸಿದ ನಾಡಿನಿಂದ ಬಂದವರು ನಾವು. ಬಾಯಾರಿದ ಜೀವಕ್ಕೆ ನೀರು ಕೊಡುವುದು ಒಬ್ಬರ ಮನೆಯ ಖಾಸಗಿ ಚಿಂತೆಯಲ್ಲ, ಊರಿನ ಕೆಲಸ ಎಂದು ನಮ್ಮವರು ತಿಳಿದಿದ್ದರು. ದಂಪತಿಗಳಿಬ್ಬರೂ ದುಡಿಯಲು ಹೋಗುವ ಇಲ್ಲಿನ ಬದುಕಿನಲ್ಲಿ ಕೆಲವು ಗಂಟೆಗಳಿಗೊಮ್ಮೆ ನೀರುಣಿಸುವುದು ಒಂದೇ ಕುಟುಂಬಕ್ಕೆ ಭಾರವಾದೀತು. ಆದುದರಿಂದ ಒಂದೇ ಕಟ್ಟಡದಲ್ಲಿರುವ ಸದಸ್ಯ ಕುಟುಂಬಗಳು, ಬಾಣಂತಿಯ ಮನೆಗೆ ಸರದಿಯಲ್ಲಿ ಸಾರು ಕೊಂಡೊಯ್ಯುವಂತೆ, ಕಾಯಿಲೆಯ ಮೊಲವಿರುವ ಮನೆಗೂ ಸರದಿಯಲ್ಲಿ ನೆರವಾಗಬಾರದೇಕೆ? ವೈದ್ಯರ ಸೂಚನೆಯನ್ನು ಬರೆದಿಟ್ಟ ಒಂದು ಹಾಳೆ, ಮನೆಯ ಬೀಗದ ಕೈ, ಅರ್ಧ ಗಂಟೆಯ ತಾಳ್ಮೆ: ಬೇಕಾದುದು ಇಷ್ಟೇ. ಸಂಘದ ಮುಂದಿನ ಸಭೆಯಲ್ಲಿ ಸದಸ್ಯರು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇವೆ.